ಬಿಸಿಲಿನಿಂದ ಕುಡಿಯುವ ನೀರು



ಇಡ್ಲಿ ಬೇಯುವಾಗ ಪಾತ್ರೆಯ ಮುಚ್ಚಳದ ಒಳಮೈಯಲ್ಲಿ ಹನಿ ಕಟ್ಟುವುದನ್ನು ನೀವು ಬಲ್ಲಿರಿ. ಒಳಗೆ ಎಂಥ ಉಪ್ಪುನೀರನ್ನು ಹೊಯ್ದಿದ್ದರೂ ಆ ಹನಿ ಸಪ್ಪೆಯಾಗಿಯೇ ಇರುತ್ತದೆ. ಆವಿ ಮೇಲೇರುತ್ತದೆ, ಉಪ್ಪು, ಫ್ಲೋರೈಡು ತಳದಲ್ಲಿ ಉಳಿಯುತ್ತವೆ.

ಇದನ್ನು ಹೇಳಲು ಕಾರಣವುಂಟು. ಪಾವಗಡ, ಬಾಗೇಪಲ್ಲಿ ಸೀಮೆಯ ಅನೇಕ ಕೊಳವೆ ಬಾವಿಗಳಲ್ಲಿ ಫ್ಲೋರೈಡು ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಬೆಳೆಯುವ ಮಕ್ಕಳ ಹಲ್ಲು ಕಲೆಗಟ್ಟುತ್ತದೆ. ಪ್ರಮಾಣ ಬಹಳ ಏರಿದರೆ ದೊಡ್ಡವರ ಕೀಲುಗಳೂ ಬಿಗಿಯುತ್ತವೆ. ಕಾಯಿಸಿ ಕುಡಿದರೆ ಸಾಕೆಂದು ಹಲವರ ನಂಬಿಕೆ. ಇದು ತಪ್ಪು. ಕಾಯಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡು ಹೋಗದು. ನೀರು ಬತ್ತಿದಷ್ಟೂ ಅದರ ಅಂಶ ಏರುತ್ತದೆ. ಕುಡಿಯಬೇಕಾದುದು ಪಾತ್ರೆಯ ನೀರನ್ನಲ್ಲ, ಮುಚ್ಚಳದ ಹನಿಯನ್ನು.

ಸೌದೆಯಿಲ್ಲದೆ ಆ ಹನಿಯನ್ನು ಕೂಡಿಸುವ ಉಪಾಯ ಹಳೆಯದು. ಒಳಗೆ ಕಪ್ಪು ಬಳಿದ ತೊಟ್ಟಿ, ಅದರಲ್ಲಿ ಒಂದೆರಡು ಅಂಗುಲ ನೀರು, ಮೇಲೆ ಇಳಿಜಾರಾಗಿ ಕೂರಿಸಿದ ಗಾಜು. ಸಂದಿನಲ್ಲಿ ಆವಿ ಸೋರಬಾರದು. ಗಾಜಿನ ಒಳಮೈಯ ಹನಿ ಜಾರಿ ಅಂಚಿನ ದೋಣಿಗೆ ಬಿದ್ದು, ಅಲ್ಲಿಂದ ಮುಚ್ಚಿದ ಪಾತ್ರೆಗೆ ಇಳಿಯುತ್ತದೆ. ಚಿಲಿ ದೇಶದ ಲಾಸ್ ಸಲಿನಾಸಿನಲ್ಲಿ 1872ರಲ್ಲಿಯೇ ಇಂಥ ತೊಟ್ಟಿಗಳನ್ನು ಸಾಲಾಗಿ ಕಟ್ಟಿ, ಗಣಿಯ ಹೇಸರಗತ್ತೆಗಳಿಗೆ ನೀರು ಒದಗಿಸಿದ್ದರು. ಗುಜರಾತಿನ ಭಾವನಗರದ ಹತ್ತಿರ ಅವಾನಿಯಾ ಗ್ರಾಮದಲ್ಲಿ 1978ರಲ್ಲಿ ಊರಿಗೆಂದೇ ಕಟ್ಟಿದರು.

ಒಂದು ಚದರ ಮೀಟರ್ ತೊಟ್ಟಿಯಿಂದ ಒಳ್ಳೆಯ ಬಿಸಿಲಿನ ದಿನ ಸುಮಾರು ಮೂರು ಲೀಟರ್ ಸಿಕ್ಕೀತು, ಅಷ್ಟೆ. ಹೊಲಕ್ಕೆ ಹರಿಸುವ ಮಾತೇ ಇಲ್ಲ. ಐದು ಜನರ ಮನೆಗೆ, ಕುಡಿಯಲು ಮತ್ತು ಅಡಿಗೆಗೆ, ನಾಲ್ಕೈದು ಚದರ ಮೀಟರ್ ಬೇಕು.

ಇಷ್ಟು ಕಡಿಮೆಯಾಗಲು ಒಂದು ಕಾರಣವೆಂದರೆ ತೊಟ್ಟಿಯ ನೀರೆಲ್ಲ ಕಾಯಬೇಕು. ಈಚೆಗೆ ವಿಜ್ಞಾನಿಗಳು ತೇಲುವ ಕಪ್ಪು ಹಾಸುಗಳನ್ನು ಮಾಡಿದ್ದಾರೆ: ಮೇಲ್ಮೈ ಸುಟ್ಟು ಕರಿಯಾಗಿಸಿದ ಮರದ ಬಿಲ್ಲೆ, ನೀರು ಹೀರುವ ಲೋಳೆಯಂಥ ವಸ್ತು. ಬತ್ತಿ ಎಣ್ಣೆಯನ್ನು ಹೀರುವಂತೆ ಇವು ನೀರನ್ನು ಮೇಲಕ್ಕೆ ಹೀರುತ್ತವೆ. ಬಿಸಿಲು ಆ ತೆಳು ಪದರವನ್ನು ಮಾತ್ರ ಕಾಯಿಸುತ್ತದೆ. ಅಮೆರಿಕದ ಟೆಕ್ಸಸ್ ವಿಶ್ವವಿದ್ಯಾಲಯದವರು 2018ರಲ್ಲಿ ಇಂಥದೊಂದನ್ನು ಪ್ರಕಟಿಸಿದರು. ಆದರೆ ಹಾಸಿನ ಮೇಲೆ ಉಪ್ಪು ಹೆಪ್ಪುಗಟ್ಟುವ ತೊಡಕುಂಟು. ನಮ್ಮ ಸಂತೆಗೆ ಬಂದಾಗ ನೋಡೋಣ. ಸದ್ಯಕ್ಕೆ ಗಾಜಿನ ತೊಟ್ಟಿಯೇ ವಾಸಿ.

ಔಷಧಿ ಸಿಂಪಡಿಸಿದ ಡಬ್ಬಿ ತೊಳೆದ ನೀರು, ಸೀಮೆಎಣ್ಣೆ ಬೆರೆತ ನೀರು ಇದಕ್ಕೆ ಸಲ್ಲದು. ಅಂಥ ವಿಷಗಳಲ್ಲಿ ಕೆಲವು ಆವಿಯೊಡನೆಯೇ ಏರಿ ಬರುತ್ತವೆ. ತಳದಲ್ಲಿ ಉಳಿದ ಉಪ್ಪುನೀರನ್ನು ವಾರಕ್ಕೊಮ್ಮೆಯಾದರೂ ಬಸಿಯಿರಿ. ಅದನ್ನು ದನಕರುಗಳಿಗೆ ಕುಡಿಸಬೇಡಿ, ಗಿಡಕ್ಕೂ ಹಾಕಬೇಡಿ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಆದುದರಿಂದ ತೊಟ್ಟಿ ಕಟ್ಟುವ ಮೊದಲು ಪಂಚಾಯಿತಿಯ ಮೂಲಕ ನಿಮ್ಮ ಬಾವಿಯ ನೀರನ್ನು ಪರೀಕ್ಷೆ ಮಾಡಿಸಿರಿ.