ಉಳಿದವರು ಮತ್ತು ಉಳಿಸಿಕೊಂಡವರು

ಕರಾರಿನ ಅವಧಿ ಮುಗಿದಾಗ ಸೈನಿಕ ಮತ್ತೆ ಸಹಿ ಹಾಕುತ್ತಾನೆಯೇ ಅಥವಾ ಮನೆಗೆ ಮರಳುತ್ತಾನೆಯೇ? ಅಮೆರಿಕದಲ್ಲಿ ಅರ್ಧ ಶತಮಾನದಿಂದ ಸಂಖ್ಯಾಶಾಸ್ತ್ರಜ್ಞರು ಈ ಪ್ರಶ್ನೆಯ ಬೆನ್ನು ಹತ್ತಿದ್ದಾರೆ. 1973ರಲ್ಲಿ ಅಲ್ಲಿ ಕಡ್ಡಾಯ ಸೇನಾ ಭರ್ತಿ ನಿಂತಿತು. ಸ್ವಇಚ್ಛೆಯಿಂದ ಬಂದವರನ್ನು ಉಳಿಸಿಕೊಳ್ಳುವುದೇ ಸೇನೆಗೆ ಸವಾಲಾಯಿತು. ನುರಿತ ತಂತ್ರಜ್ಞನೊಬ್ಬ ಹೊರನಡೆದರೆ ಹೊಸಬನನ್ನು ಸೇರಿಸಿ ವರ್ಷಗಟ್ಟಲೆ ಪಳಗಿಸಬೇಕು.

ಸೇನೆಯ ಸಂಬಳವನ್ನು ಹೊರಗಿನ ನೌಕರಿಯ ಗಳಿಕೆಯೊಡನೆ ತೂಗಿ ನೋಡುವುದು ಈ ಮಾದರಿಗಳ ತಳಹದಿ. ರ‍್ಯಾಂಡ್ ಸಂಸ್ಥೆಯು 1984ರಲ್ಲಿ ಪ್ರಕಟಿಸಿದ, ಗ್ಲೆನ್ ಗಾಟ್ಜ್ ಮತ್ತು ಜಾನ್ ಮೆಕಾಲ್ ರೂಪಿಸಿದ ಮಾದರಿಯು ಇದರ ಜೊತೆಗೆ ಸೇನಾ ಬದುಕಿನ ಬಗ್ಗೆ ಒಬ್ಬೊಬ್ಬರಿಗಿರುವ ಒಲವನ್ನೂ ನಾಳಿನ ಅನಿಶ್ಚಿತತೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. 20 ವರ್ಷ ಪೂರೈಸಿದವರಿಗಷ್ಟೇ ಪಿಂಚಣಿ ಎಂಬ ನಿಯಮವಿದ್ದಾಗ, ಅರ್ಧ ದಾರಿ ಸವೆಸಿದವರು ಹಲ್ಲು ಕಚ್ಚಿ ಉಳಿಯುವುದೇಕೆ, ಗಡುವು ದಾಟಿದೊಡನೆ ಅನೇಕರು ಹೊರಡುವುದೇಕೆ ಎಂಬುದಕ್ಕೆ ಅದರಲ್ಲಿ ಉತ್ತರವಿತ್ತು. 2018ರಲ್ಲಿ ಜಾರಿಗೆ ಬಂದ ಹೊಸ ನಿವೃತ್ತಿ ವ್ಯವಸ್ಥೆಯ ಪರಿಣಾಮವನ್ನು ಮುಂಚಿತವಾಗಿ ಅಳೆದದ್ದೂ ಇದೇ ಪರಂಪರೆಯ ಮಾದರಿಯಿಂದಲೇ. ಪ್ರತಿ ಸೇವಾ ವರ್ಷಕ್ಕೆ ಶೇ 2.5ರಷ್ಟಿದ್ದ ಪಿಂಚಣಿ ದರವನ್ನು ಶೇ 2ಕ್ಕೆ ಇಳಿಸಲಾಯಿತು. ಬದಲಿಗೆ ಉಳಿತಾಯ ನಿಧಿಗೆ ಸರ್ಕಾರದ ವಂತಿಗೆ ಮತ್ತು ಸೇವೆಯ ನಡುಘಟ್ಟದಲ್ಲಿ ಒಂದು ವಿಶೇಷ ಪಾವತಿ ಸೇರಿದವು.

ಈ ಸಾಧನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಊಹೆಯ ಮೇಲೆ ಬೋನಸ್ ಹಂಚುವುದಕ್ಕಿಂತ ಲೆಕ್ಕ ಹಾಕಿ ಹಂಚುವುದು ಮೇಲು. ಆದರೆ ಈ ಗಣಿತವೆಲ್ಲ ಒಂದೇ ಊಹೆಯ ಮೇಲೆ ನಿಂತಿದೆ: ಸೈನಿಕನಿಗೆ ನಿಜವಾದ ಆಯ್ಕೆಯಿದೆ ಎಂಬುದು. 2001ರ ನಂತರದ ಯುದ್ಧಗಳಲ್ಲಿ ಆ ಊಹೆಯೇ ಅಲುಗಾಡಿತು. ‘ಸ್ಟಾಪ್ ಲಾಸ್’ ಆದೇಶದಡಿ, ಕರಾರು ಮುಗಿದ ಸಾವಿರಾರು ಸೈನಿಕರನ್ನು ಸೇವೆಯಲ್ಲೇ ತಡೆಹಿಡಿಯಲಾಯಿತು. ಹಾಗೆ ಕಳೆದ ಪ್ರತಿ ತಿಂಗಳಿಗೆ 500 ಡಾಲರ್ ಪರಿಹಾರ ಕೊಡಲು ಸಂಸತ್ತು 2009ರಲ್ಲಿ ಒಪ್ಪಿತು.

ಈ ಸೈನಿಕರನ್ನು ಪ್ರತ್ಯೇಕಿಸದೆ ಎಣಿಸಿದರೆ ಅಂಕಿಅಂಶದಲ್ಲಿ ಅವರೂ ‘ಉಳಿದವರೇ’ ಆಗುತ್ತಾರೆ. ಬಾಗಿಲಿಗೆ ಬೀಗ ಜಡಿದು, ಒಳಗಿದ್ದವರ ತಲೆ ಎಣಿಸಿ, ಇವರಿಗೆ ಮನೆ ಹಿಡಿಸಿದೆ ಎಂದಂತೆ ಅದು. ಉಳಿದವರೆಷ್ಟು ಎಂಬ ಸಂಖ್ಯೆಯನ್ನು ಸಂಭ್ರಮಿಸುವ ಮುನ್ನ, ಅವರಲ್ಲಿ ಹೊರಡುವ ಸ್ವಾತಂತ್ರ್ಯ ಇದ್ದವರೆಷ್ಟು ಎಂದು ಕೇಳುವುದು ಸಂಖ್ಯಾಶಾಸ್ತ್ರದ ಶಿಸ್ತೂ ಹೌದು, ಪ್ರಜಾಪ್ರಭುತ್ವದ ಮರ್ಯಾದೆಯೂ ಹೌದು.