ಬಾವಿ ನೀರಿಗಾಗಿ ಬಿದ್ದ ಮತ

ಅಮೆರಿಕದ ಸೆನೆಟ್‌ನಲ್ಲಿ 2003ರ ನವೆಂಬರ್ 21ರಂದು ಇಂಧನ ಮಸೂದೆಯೊಂದು ಮುಗ್ಗರಿಸಿತು. ಚರ್ಚೆ ಮುಗಿಸಿ ಮತಕ್ಕೆ ಹಾಕಲು 60 ಸದಸ್ಯರ ಒಪ್ಪಿಗೆ ಬೇಕಿತ್ತು, ಸಿಕ್ಕಿದ್ದು 57. ಅಧ್ಯಕ್ಷ ಜಾರ್ಜ್ ಬುಷ್ ಬಹುವಾಗಿ ಬಯಸಿದ್ದ ಮಸೂದೆಗೆ ಅವರದೇ ರಿಪಬ್ಲಿಕನ್ ಪಕ್ಷದ ಆರು ಮಂದಿ ತಿರುಗಿಬಿದ್ದಿದ್ದರು. ನ್ಯೂ ಹ್ಯಾಂಪ್‌ಶೈರ್‌ನ ಜಡ್ ಗ್ರೆಗ್ ಮತ್ತು ಜಾನ್ ಇ. ಸುನುನು ಅವರಲ್ಲಿ ಇಬ್ಬರು.

ತಕರಾರಿನ ಬೇರು ಎಂಟಿಬಿಇ ಎಂಬ ರಾಸಾಯನಿಕ. ಹೊಗೆಮಂಜಿನಿಂದ ಬಳಲುತ್ತಿದ್ದ ನಗರಗಳ ಪೆಟ್ರೋಲಿನಲ್ಲಿ ತೂಕದ ಲೆಕ್ಕಕ್ಕೆ ಶೇ 2ರಷ್ಟು ಆಮ್ಲಜನಕ ಇರಬೇಕೆಂದು 1990ರ ಶುದ್ಧ ಗಾಳಿ ಕಾಯ್ದೆಯ ತಿದ್ದುಪಡಿ ವಿಧಿಸಿತು. ಆಮ್ಲಜನಕದಿಂದ ಇಂಧನ ಪೂರ್ತಿ ಉರಿದರೆ ವಿಷಾನಿಲ ಕಡಿಮೆ. ಅದನ್ನು ಒದಗಿಸಲು ಎಥನಾಲ್ ಬೆರೆಸಬಹುದಿತ್ತು, ಆದರೆ ಎಂಟಿಬಿಇಯನ್ನು ಪೈಪ್‌ಲೈನಿನಲ್ಲಿ ಸಾಗಿಸುವುದು ಸಲೀಸು. ಹೆಚ್ಚಿನ ಕಂಪನಿಗಳು ಅದನ್ನೇ ಹಿಡಿದವು. ನ್ಯೂ ಹ್ಯಾಂಪ್‌ಶೈರ್ ತನ್ನ ದಕ್ಷಿಣದ ನಾಲ್ಕು ಕೌಂಟಿಗಳಿಗೆ ಈ ಪೆಟ್ರೋಲನ್ನು ತಾನಾಗಿಯೇ ಒಪ್ಪಿಕೊಂಡಿತು. ಆ ತಿದ್ದುಪಡಿ ಬಂದಾಗ ಶ್ವೇತಭವನದ ಸಿಬ್ಬಂದಿ ಮುಖ್ಯಸ್ಥರಾಗಿದ್ದವರು ಇದೇ ಸುನುನು ಅವರ ತಂದೆ.

ಗಾಳಿಗೆ ಮದ್ದಾದದ್ದು ನೀರಿಗೆ ಕೇಡಾಯಿತು. ನೆಲದಡಿಯ ಟ್ಯಾಂಕ್ ಸೋರಿದರೆ ಎಂಟಿಬಿಇ ಅಲ್ಲೇ ನಿಲ್ಲುವುದಿಲ್ಲ. ನೀರಿನಲ್ಲಿ ಚೆನ್ನಾಗಿ ಕರಗಿ, ಅಂತರ್ಜಲದ ಜೊತೆಗೇ ದೂರ ಹರಿಯುತ್ತದೆ. ಬೇಗ ನಶಿಸುವುದೂ ಇಲ್ಲ. ತುಸುವೇ ಸೇರಿದರೂ ನೀರಿಗೆ ಟರ್ಪೆಂಟೈನ್ ವಾಸನೆ. ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ನಗರ 1996ರಲ್ಲಿ ಬಾವಿಗಳನ್ನು ಮುಚ್ಚಿ, ಕುಡಿಯುವ ನೀರಿನಲ್ಲಿ ಸುಮಾರು ಅರ್ಧ ಪಾಲನ್ನು ಕಳೆದುಕೊಂಡಿತು. ಹೆಚ್ಚುಕಡಿಮೆ ಅರ್ಧದಷ್ಟು ಜನ ಮನೆಯ ಬಾವಿಯನ್ನೇ ನಂಬಿರುವ ನ್ಯೂ ಹ್ಯಾಂಪ್‌ಶೈರ್‌ಗೆ ಇದು ಎಂಥ ಆಘಾತವೆಂದು ಊಹಿಸಬಹುದು.

ರಾಜ್ಯ ಸರ್ಕಾರ 2003ರ ಸೆಪ್ಟೆಂಬರ್ ಕೊನೆಗೆ ತೈಲ ಕಂಪನಿಗಳ ವಿರುದ್ಧ ದಾವೆ ಹೂಡಿತು. ಆದರೆ ಸಿದ್ಧವಾಗುತ್ತಿದ್ದ ಮಸೂದೆಯಲ್ಲಿ, ಎಂಟಿಬಿಇ ದೋಷಪೂರಿತ ಉತ್ಪನ್ನವೆಂದು ತಯಾರಕರನ್ನು ನ್ಯಾಯಾಲಯಕ್ಕೆ ಎಳೆಯುವಂತಿಲ್ಲ ಎಂಬ ಕಲಮು ಸೇರಿತ್ತು. ಅದು ಜಾರಿಗೆ ಬರುವುದು ಸೆಪ್ಟೆಂಬರ್ 5ರಿಂದಲೇ, ಹಿಂದಿನಿಂದ ಅನ್ವಯವಾಗುವಂತೆ! ರಾಜ್ಯದ ದಾವೆಯ ಬುಡಕ್ಕೇ ಕೊಡಲಿ.

ಈ ರಕ್ಷಣೆಗೆ ಪಟ್ಟು ಹಿಡಿದವರು ಕೆಳಮನೆಯ ಬಹುಮತ ಪಕ್ಷದ ನಾಯಕ, ಟೆಕ್ಸಾಸ್‌ನ ಟಾಮ್ ಡಿಲೇ. ಎಂಟಿಬಿಇ ತಯಾರಿಕೆಗೆ ಟೆಕ್ಸಾಸ್ ದೊಡ್ಡ ನೆಲೆ. ಸರ್ಕಾರವೇ ಬೆರೆಸಲು ಹೇಳಿ ಈಗ ಶಿಕ್ಷಿಸುವುದು ಯಾವ ನ್ಯಾಯ ಎಂಬುದು ಆ ಬಣದ ವಾದ. ಅದರಲ್ಲಿ ಅರ್ಧ ಸತ್ಯವಿದೆ. ಕಾಯ್ದೆ ಕೇಳಿದ್ದು ಆಮ್ಲಜನಕವನ್ನು. ಎಂಟಿಬಿಇಯನ್ನು ಆರಿಸಿಕೊಂಡದ್ದು ಕಂಪನಿಗಳು. ತಪ್ಪು ಯಾರದೆಂದು ತೂಗಬೇಕಾದದ್ದು ನ್ಯಾಯಾಲಯ. ಆ ಬಾಗಿಲನ್ನೇ ಮುಚ್ಚುವ ಕಾನೂನಿಗೆ ತಮ್ಮ ಪಕ್ಷವನ್ನು ಎದುರುಹಾಕಿಕೊಂಡು ಅಡ್ಡ ನಿಂತ ಗ್ರೆಗ್ ಮತ್ತು ಸುನುನು ನನ್ನ ದೃಷ್ಟಿಯಲ್ಲಿ ಮತದಾರರ ಋಣ ತೀರಿಸಿದರು.

2005ರ ಆಗಸ್ಟ್ 8ರಂದು ಬುಷ್ ಇಂಧನ ಕಾಯ್ದೆಗೆ ಸಹಿ ಹಾಕಿದಾಗ ಆ ಕಲಮು ಅದರಲ್ಲಿರಲಿಲ್ಲ. ಆಮ್ಲಜನಕದ ಕಡ್ಡಾಯವೂ ಹೋಗಿ, ಎಥನಾಲ್‌ನಂಥ ಜೈವಿಕ ಇಂಧನ ಬೆರೆಸುವ ನಿಯಮ ಬಂತು. ನ್ಯೂ ಹ್ಯಾಂಪ್‌ಶೈರ್‌ನ ದಾವೆ ಉಳಿಯಿತು. ಬೇರೆ ಕಂಪನಿಗಳು ರಾಜಿಗೆ ಬಂದವು, ಎಕ್ಸಾನ್‌ಮೊಬಿಲ್ ಕೊನೆಯವರೆಗೂ ಹೋರಾಡಿತು. 2013ರಲ್ಲಿ ಜ್ಯೂರಿ ಅದಕ್ಕೆ 23.6 ಕೋಟಿ ಡಾಲರ್ ಪರಿಹಾರ ವಿಧಿಸಿತು. 2016ರಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲಿಲ್ಲ. ಆ ಹಣದಿಂದ ರಾಜ್ಯ ಕುಡಿಯುವ ನೀರು ಮತ್ತು ಅಂತರ್ಜಲದ ರಕ್ಷಣೆಗೆಂದೇ ನಿಧಿಯೊಂದನ್ನು ಕಟ್ಟಿತು.