ಕಡಲಾಚೆಯಿಂದ ಮನೆಗೆ

ಲಕೋಟೆಯ ಮೇಲೆ ವಿಳಾಸವನ್ನು ಬರೆಯುವಾಗ ನಾವು ಕಿರಿದರಿಂದ ಹಿರಿದಕ್ಕೆ ಸಾಗುತ್ತೇವೆ. ಮೊದಲು ವ್ಯಕ್ತಿಯ ಹೆಸರು, ಅನಂತರ ಓಣಿ, ಊರು, ತಾಲೂಕು, ಜಿಲ್ಲೆ, ಕಡೆಗೆ ದೇಶ. ದೂರವಾಣಿ ಸಂಖ್ಯೆಯೂ ಒಂದು ವಿಳಾಸವೇ. ಆದರೆ ಅದರ ನಡೆ ಇದಕ್ಕೆ ವಿರುದ್ಧವಾದುದು. ಅದು ದೇಶದಿಂದ ಹೊರಟು, ಪ್ರದೇಶವನ್ನು ಹಾದು, ಕಡೆಗೆ ಮನೆಯನ್ನು ಮುಟ್ಟುತ್ತದೆ. ಈ ಕ್ರಮವನ್ನು ಅರಿತವನು ಪರದೇಶದಲ್ಲಿದ್ದರೂ ತನ್ನವರಿಂದ ದೂರವಾಗುವುದಿಲ್ಲ.

ಹಿಂದೆ ಪರಊರಿನವರೊಡನೆ ಮಾತನಾಡಬೇಕಾದರೆ ಟ್ರಂಕ್ ಕರೆಯನ್ನು ಕಾದಿರಿಸಿ, ವಿನಿಮಯ ಕೇಂದ್ರದವರು ಸಂಪರ್ಕ ಕಲ್ಪಿಸುವವರೆಗೆ ಕಾಯಬೇಕಾಗಿತ್ತು. 1960ರಲ್ಲಿ ಲಖನೌ ಮತ್ತು ಕಾನಪುರಗಳ ನಡುವೆ ನಮ್ಮ ದೇಶದ ಮೊದಲ ಎಸ್.ಟಿ.ಡಿ. ಸೌಲಭ್ಯವು ಆರಂಭವಾಯಿತು. ಚಂದಾದಾರನೇ ನೇರವಾಗಿ ಕರೆ ಮಾಡುವ ಈ ಪದ್ಧತಿಯು ಹಬ್ಬಿದಂತೆ ಪ್ರತಿಯೊಂದು ಪ್ರದೇಶಕ್ಕೂ ಒಂದು ಸಂಕೇತ ಸಂಖ್ಯೆ ದೊರೆಯಿತು. ಹಾವೇರಿ ಜಿಲ್ಲೆಯ ಹಾನಗಲ್ಲಿಗೆ 08379, ಹಿರೇಕೆರೂರಿಗೆ 08376. ಶಿಗ್ಗಾಂವಿ, ಸವಣೂರುಗಳೆರಡಕ್ಕೂ 08378. ಇದರ ಮುಂದೆ ಮನೆಯ ಸ್ಥಿರ ದೂರವಾಣಿಯ ಆರು ಅಂಕೆಗಳು ಸೇರುತ್ತವೆ.

ಈ ಸಂಕೇತಗಳ ಮೊದಲಿಗಿರುವ ಸೊನ್ನೆಯನ್ನು ಗಮನಿಸಿರಿ. ಅದು ಊರಿನ ಗುರುತಲ್ಲ. ಕರೆಯು ಊರಿನ ಹೊರಗೆ ಹೋಗಬೇಕೆಂದು ದೇಶದೊಳಗಿನ ಯಂತ್ರಕ್ಕೆ ನೀಡುವ ಸೂಚನೆ. ಹೊರದೇಶದಿಂದ ಬರುವ ಕರೆಗೆ ಆ ಸೂಚನೆ ಬೇಕಾಗಿಲ್ಲ. ಬೇಡದ ಆ ಸೊನ್ನೆಯನ್ನು ಸೇರಿಸಿದರೆ ಉಳಿದ ಅಂಕೆಗಳೆಲ್ಲ ಸರಿಯಿದ್ದರೂ ಕರೆಯು ಮನೆಯನ್ನು ತಲಪದೆ ಹೋಗಬಹುದು.

ಹೊರದೇಶದಿಂದ ಮಾಡುವ ಕರೆಗೆ ಮೂರು ಮೆಟ್ಟಿಲುಗಳಿವೆ. ಮೊದಲನೆಯದು, ನಾವಿರುವ ದೇಶದಿಂದ ಹೊರಬೀಳುವ ಸಂಖ್ಯೆ. ಬ್ರಿಟನ್ನಿನಲ್ಲಿಯೂ ದುಬೈಯಲ್ಲಿಯೂ ಅದು 00, ಅಮೆರಿಕದಲ್ಲಿ 011, ಆಸ್ಟ್ರೇಲಿಯದಲ್ಲಿ 0011. ಎರಡನೆಯದು, ಭಾರತದ ಸಂಖ್ಯೆಯಾದ 91. ಮೂರನೆಯದು, ಸೊನ್ನೆಯನ್ನು ಬಿಟ್ಟ ಊರಿನ ಸಂಕೇತ ಮತ್ತು ಮನೆಯ ಸಂಖ್ಯೆ. ಹೀಗೆ ಲಂಡನ್ನಿನಿಂದ ಹಾನಗಲ್ಲಿನ ಮನೆಗೆ ಕರೆ ಮಾಡುವವನು 00, 91, 8379 ಒತ್ತಿ, ಬಳಿಕ ಆರು ಅಂಕೆಗಳನ್ನು ಒತ್ತಬೇಕು. ಮೊಬೈಲಿಗಾದರೆ 91ರ ಅನಂತರ ಅದರ ಹತ್ತು ಅಂಕೆಗಳು ಸಾಕು.

ದೇಶದೇಶಕ್ಕೂ ಬೇರೆಯಾದ ಮೊದಲ ಮೆಟ್ಟಿಲನ್ನು ನೆನಪಿಡುವುದು ಕಷ್ಟವೆನಿಸಬಹುದು. ಮೊಬೈಲಿನಲ್ಲಿ ಅದಕ್ಕೆ ಬದಲಾಗಿ ಕೂಡಿಸುವ ಚಿಹ್ನೆಯನ್ನು ಬಳಸಬಹುದು. +91 ಎಂದು ಆರಂಭವಾಗುವ ಸಂಖ್ಯೆಯು ಯಾವ ದೇಶದಲ್ಲಿದ್ದರೂ ಭಾರತದ ದಾರಿಯನ್ನು ಹಿಡಿಯುತ್ತದೆ.

ಕಾಲದ ಅಂತರವನ್ನೂ ಮರೆಯಲಾಗದು. ದುಬೈಯಲ್ಲಿ ರಾತ್ರಿ 10 ಗಂಟೆಯಾದಾಗ ಹಿರೇಕೆರೂರಿನಲ್ಲಿ 11-30 ಆಗಿರುತ್ತದೆ. ಅಪವೇಳೆಯಲ್ಲಿ ಮೊಳಗುವ ಗಂಟೆಯು ವೃದ್ಧ ತಂದೆತಾಯಿಗಳನ್ನು ಗಾಬರಿಗೊಳಿಸೀತು.

ಇಂದು ಸಂಖ್ಯೆಗಳನ್ನೆಲ್ಲ ಯಂತ್ರವೇ ನೆನಪಿಟ್ಟುಕೊಳ್ಳುತ್ತದೆ. ಆದರೆ ಆ ಯಂತ್ರವು ಕಳೆದುಹೋದರೆ, ಇಲ್ಲವೆ ಅದರ ವಿದ್ಯುತ್ತು ತೀರಿದರೆ, ಅಪರಿಚಿತ ನಾಡಿನಲ್ಲಿ ನಿಂತವನಿಗೆ ನೆರವಾಗುವುದು ಯಾವುದು? ಪ್ರಯಾಣಕ್ಕೆ ಮುನ್ನ ಮನೆಯ ಪೂರ್ಣ ಸಂಖ್ಯೆಯನ್ನು ಚೀಟಿಯೊಂದರಲ್ಲಿ ಬರೆದಿಟ್ಟುಕೊಂಡಿದ್ದರೆ, ಪರರ ದೂರವಾಣಿಯಿಂದಲಾದರೂ ಆತನು ತನ್ನವರ ದನಿಯನ್ನು ಕೇಳಬಲ್ಲನು. ಕಷ್ಟಕಾಲದಲ್ಲಿ ಅದಕ್ಕಿಂತ ದೊಡ್ಡ ಧೈರ್ಯ ಬೇರೊಂದಿಲ್ಲ.